ಬಾಯಿಯ ಪಸೆ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಬೀದಿಯ ಬೆಳಗೇ ಬೇರೆ. ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ನಾಲ್ಕು ಗಂಟೆಗೇ ದೀಪ ಹತ್ತಿರುತ್ತದೆ. ಒಂದು ಕಿಟಕಿಯಿಂದ ಕನ್ನಡ, ಇನ್ನೊಂದರಿಂದ ತಮಿಳು, ಮತ್ತೊಂದರಿಂದ ತೆಲುಗು, ಮೂರು ಭಾಷೆಯಲ್ಲೂ ಅಮ್ಮಂದಿರು ಮಕ್ಕಳನ್ನು ಎಬ್ಬಿಸುತ್ತಿರುವುದು ಕೇಳಿಸುತ್ತದೆ. ಚಾಂಪಿಯನ್ ರೀಫ್ಸ್ ಎಂದರೆ ಹಾಗೆಯೇ. ಮನೆಮಾತು ಹಲವು, ಪರೀಕ್ಷೆಯ ಭಯ ಮಾತ್ರ ಒಂದೇ.

ಕಳೆದ ಬಾರಿ ಪರೀಕ್ಷೆಯ ಮೊದಲ ದಿನ ಪಕ್ಕದ ಮನೆಯಾಕೆ ಮಗಳನ್ನು ಕರೆದುಕೊಂಡು ನನ್ನಿಂದ ಆಶೀರ್ವಾದ ಮಾಡಿಸಲು ಬಂದಳು. ಹುಡುಗಿಯ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಪ್ರವೇಶಪತ್ರ, ತುಟಿ ಮಾತ್ರ ಬಿಳಿಚಿಕೊಂಡಿತ್ತು. ತಾಯಿ ದೂರು ಶುರು ಮಾಡಿದಳು. "ನೋಡಿ ಟೀಚರ್, ಒಂದು ಇಡ್ಲಿ ತಿನ್ನೋಕೆ ಅರ್ಧ ಗಂಟೆ ತಗೊಂಡಳು. ಬಾಯಲ್ಲಿ ಇಟ್ಕೊಂಡು ಕೂತಿದಾಳೆ, ಗಂಟಲಲ್ಲಿ ಇಳಿಯಲ್ಲ ಅಂತಾಳೆ. ಚೆನ್ನಾಗಿ ಓದಿದ್ದರೆ ಯಾಕೆ ಹೆದರಬೇಕು, ನೀವೇ ಹೇಳಿ."

ನಾನು ಏನೂ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಏಕೆಂದರೆ 'ಓದಿದ್ದರೆ ಯಾಕೆ ಹೆದರಬೇಕು' ಎಂಬ ಮಾತನ್ನು ನಾನೇ ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದವಳು. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಅದರೊಳಗೆ ಒಂದು ತೀರ್ಪು ಅಡಗಿ ಕುಳಿತಿದೆ. ಹೆದರಿದೆಯಾ, ಹಾಗಾದರೆ ನೀನು ಓದಿಲ್ಲ. ನಡುಗಿದೆಯಾ, ಹಾಗಾದರೆ ನಿನ್ನಲ್ಲಿ ಏನೋ ತಪ್ಪಿದೆ. ಭಯವನ್ನು ತಪ್ಪಿಗೆ ಸಾಕ್ಷಿ ಎಂದು ಹಿಡಿಯಬಹುದೆ? ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ನಾನು ಬಿ.ಎ., ಬಿ.ಇಡಿ. ಮಾಡಿದವಳು. ಕನ್ನಡ, ಸಮಾಜ ವಿಜ್ಞಾನ ನನ್ನ ಪಾಠ. ವಿಜ್ಞಾನಕ್ಕೂ ನನಗೂ ದೂರದ ನೆಂಟಸ್ತಿಕೆ. ಒಮ್ಮೆ ವಿಜ್ಞಾನದ ಸಹೋದ್ಯೋಗಿಯ ತರಗತಿಯಲ್ಲಿ ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳಲು ಕುಳಿತಿದ್ದೆ. ಆಕೆ ಎರಡು ಪ್ರನಾಳಗಳಲ್ಲಿ ತೆಳ್ಳಗಿನ ಗಂಜಿ ಹಾಕಿದರು. ಒಂದಕ್ಕೆ ಒಬ್ಬ ಹುಡುಗನ ಜೊಲ್ಲು ಸೇರಿಸಿದರು. ಹುಡುಗಿಯರೆಲ್ಲ 'ಛೀ' ಎಂದು ಮುಖ ಮುಚ್ಚಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಎರಡಕ್ಕೂ ಅಯೋಡಿನ್ ತೊಟ್ಟಿಕ್ಕಿದಾಗ ಒಂದು ಪ್ರನಾಳ ಮಸಿಯಂತೆ ಕಪ್ಪು ನೀಲಿಯಾಯಿತು. ಜೊಲ್ಲು ಬೆರೆತದ್ದು ಬಣ್ಣ ತಿರುಗಲಿಲ್ಲ. ಗಂಜಿಯಲ್ಲಿದ್ದ ಪಿಷ್ಟವನ್ನು ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆಗಲೇ ಸಕ್ಕರೆಯಾಗಿ ಒಡೆದುಬಿಟ್ಟಿತ್ತು. ಅನ್ನವನ್ನು ಚೆನ್ನಾಗಿ ಅಗಿದರೆ ಸಿಹಿ ಹತ್ತುವುದು ಇದರಿಂದಲೇ ಎಂದು ಆಕೆ ವಿವರಿಸಿದರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ನಾವು ಮುದ್ದೆ ಅಗಿಯೋದೇ ಇಲ್ಲ, ನುಂಗ್ತೀವಿ ಮಿಸ್, ಆಗ ಅದಕ್ಕೆ ಏನು ಕೆಲಸ?" ಎಂದು ಕೇಳಿದ. ನಮ್ಮ ಕೋಲಾರ ಜಿಲ್ಲೆಯ ಹುಡುಗ ಕೇಳಲೇಬೇಕಾದ ಪ್ರಶ್ನೆ! ಮುಂದಿನ ಕೆಲಸಕ್ಕೆ ಸಣ್ಣ ಕರುಳಿನಲ್ಲಿ ಬೇರೆ ಅಮೈಲೇಸ್ ಕಾದಿರುತ್ತದೆ ಎಂದು ಅವರು ಸಮಾಧಾನ ಹೇಳಿದರು.

ಆ ದಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಆಕೆ ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತುಹೋಯಿತು. ನೆಮ್ಮದಿಯಾಗಿದ್ದಾಗ ನಮ್ಮ ಬಾಯಲ್ಲಿ ನೀರಾದ, ತೆಳ್ಳಗಿನ ಜೊಲ್ಲು ಧಾರಾಳವಾಗಿ ಊರುತ್ತದಂತೆ. ದಿನಕ್ಕೆ ಸುಮಾರು ಒಂದು ಲೀಟರು. ಭಯವೋ ಉದ್ವೇಗವೋ ಆದಾಗ ದೇಹ ಓಟಕ್ಕೋ ಹೋರಾಟಕ್ಕೋ ಸಿದ್ಧವಾಗುತ್ತದೆ. ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಊಟ ಜೀರ್ಣಿಸುವ ಕೆಲಸವನ್ನು ದೇಹ ಪಕ್ಕಕ್ಕೆ ತಳ್ಳುತ್ತದೆ. ನೀರಾದ ಜೊಲ್ಲು ನಿಲ್ಲುತ್ತದೆ. ಉಳಿಯುವುದು ಅಂಟಂಟಾದ, ಗಟ್ಟಿ ಜೊಲ್ಲು. ವಿಚಿತ್ರವೆಂದರೆ ಅದೇ ಹೊತ್ತಿನಲ್ಲಿ ಆ ಅಮೈಲೇಸ್ ಕಿಣ್ವದ ಪ್ರಮಾಣ ಏರುತ್ತದೆ. ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳ ಬಾಯಲ್ಲಿ ಹತ್ತಿ ಇಟ್ಟು, ಅದು ಹೀರಿದ ಜೊಲ್ಲನ್ನು ಪರೀಕ್ಷಿಸಿ ವಿಜ್ಞಾನಿಗಳು ಇದನ್ನು ನೋಡಿದ್ದಾರೆ. ಉದ್ವೇಗ ಹೆಚ್ಚಾದಾಗ ಏರುವ ಕಾರ್ಟಿಸಾಲ್ ಎಂಬ ರಸವನ್ನೂ ಜೊಲ್ಲಿನಲ್ಲೇ ಅಳೆಯಬಹುದಂತೆ. ಸೂಜಿ ಚುಚ್ಚಬೇಕಾಗಿಲ್ಲ.

"ಹಾಗಾದರೆ ಯಾರು ಓದಿದ್ದಾರೆ, ಯಾರು ಓದಿಲ್ಲ ಅಂತ ಜೊಲ್ಲಿನಲ್ಲೇ ಗೊತ್ತಾಗುತ್ತಾ?" ಎಂದು ನಾನು ತಮಾಷೆಗೆ ಕೇಳಿದೆ.

"ಅದೊಂದೇ ಗೊತ್ತಾಗೋದಿಲ್ಲ ನೋಡಿ" ಎಂದರು ಆಕೆ. ಆಟದ ಮೈದಾನದಲ್ಲಿ ಓಡಿ ಬಂದ ಹುಡುಗನಲ್ಲೂ ಅಮೈಲೇಸ್ ಏರಿರುತ್ತದೆ. ಬೆಳಿಗ್ಗೆ ಇದ್ದಷ್ಟೇ ಸಂಜೆ ಇರುವುದಿಲ್ಲ. ಮೈ ಎಚ್ಚೆತ್ತಿದೆ ಎಂದು ಮಾತ್ರ ಅದು ಹೇಳುತ್ತದೆ. ಏಕೆ ಎಚ್ಚೆತ್ತಿತು ಎಂದು ಹೇಳುವುದಿಲ್ಲ. ಓದದೆ ಬಂದವನ ಬಾಯೂ ಒಣಗಬಹುದು, ಹಗಲು ರಾತ್ರಿ ಓದಿ ಬಂದವಳ ಬಾಯೂ ಒಣಗಬಹುದು. ಜೇಬಿನಲ್ಲಿ ಚೀಟಿ ಇಟ್ಟುಕೊಂಡವನು ಹಾಯಾಗಿ ಕುಳಿತಿರಲೂಬಹುದು.

ವಿಜ್ಞಾನ ಇಷ್ಟು ಎಚ್ಚರಿಕೆಯಿಂದ ಮಾತಾಡುತ್ತದೆ. ನಾವು ಮಾತ್ರ ಎಂದಿನಿಂದಲೂ ಅವಸರದವರು. 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬ ಗಾದೆ ನಮಗೆಲ್ಲ ಗೊತ್ತು. ಹೆಗಲು ಮುಟ್ಟಿಕೊಂಡವನೇ ಕಳ್ಳ ಎಂದು ನಾವು ನಕ್ಕು ಮುಗಿಸುತ್ತೇವೆ. ಆದರೆ ಸಂತೆಯ ನಡುವೆ ಯಾರಾದರೂ 'ಕಳ್ಳ' ಎಂದು ಕೂಗಿದರೆ, ಕದಿಯದ ಹತ್ತು ಜನರೂ ಹೆಗಲು ಮುಟ್ಟಿ ನೋಡಿಕೊಳ್ಳುವುದಿಲ್ಲವೆ? ಬಡವನಂತೂ ಮೊದಲು ಮುಟ್ಟಿಕೊಳ್ಳುತ್ತಾನೆ. ಆಪಾದನೆ ತನ್ನ ಕಡೆಗೇ ಬರುತ್ತದೆಂದು ಅವನಿಗೆ ಅನುಭವದಿಂದ ಗೊತ್ತು.

ಹಿಂದಿನ ಧರ್ಮಶಾಸ್ತ್ರಗಳಲ್ಲಿ ಸಾಕ್ಷಿ ಸಿಗದ ಪ್ರಕರಣಗಳಿಗೆ 'ದಿವ್ಯ' ಎಂಬ ಪರೀಕ್ಷೆಗಳಿದ್ದವು. ತಕ್ಕಡಿ, ಬೆಂಕಿ, ನೀರು, ವಿಷ ಇವುಗಳ ಜೊತೆಗೆ ಅಕ್ಕಿಯದೂ ಒಂದು. ಅದಕ್ಕೆ ತಂಡುಲ ದಿವ್ಯ ಎಂದು ಹೆಸರು. ಕಳ್ಳತನದ ಆಪಾದನೆ ಹೊತ್ತವನು ಅಕ್ಕಿ ಅಗಿದು ಉಗುಳಬೇಕು. ಉಗುಳಿದ್ದರಲ್ಲಿ ರಕ್ತ ಕಂಡರೆ, ಮೈ ನಡುಗಿದರೆ ಅವನು ಅಪರಾಧಿ. ಒಣ ಅಕ್ಕಿಯನ್ನು ಅಗಿಯಲು ಕೊಟ್ಟು, ಯಾರ ಬಾಯಲ್ಲಿ ಅದು ಒಣಗಿದ ಹಾಗೇ ಉಳಿಯಿತೋ ಅವನೇ ಕಳ್ಳ ಎನ್ನುವುದೂ ಜನರ ನಡುವೆ ಇತ್ತು. ನನ್ನ ಅಜ್ಜಿ ಮುಳಬಾಗಿಲು ಕಡೆಯವಳು. ಅವಳು ಚಿಕ್ಕವಳಿದ್ದಾಗ ಯಾರದೋ ಮನೆಯಲ್ಲಿ ಕಿವಿಯೋಲೆ ಕಳೆದು, ಕೆಲಸದವರಿಗೆಲ್ಲ ಅಕ್ಕಿ ಕೊಟ್ಟು ಅಗಿಸಿದರಂತೆ. ಪಾತ್ರೆ ತೊಳೆಯುವವಳ ಬಾಯಿಯ ಅಕ್ಕಿ ಒದ್ದೆಯಾಗಲಿಲ್ಲ. ಅವಳನ್ನು ಹೊರಗೆ ಹಾಕಿದರು. ತಿಂಗಳಾದ ಮೇಲೆ ಓಲೆ ಹಾಸಿಗೆಯ ಹತ್ತಿಯಲ್ಲಿ ಸಿಕ್ಕಿತು. "ಅವಳನ್ನ ವಾಪಸ್ ಕರೆದ್ರಾ ಅಜ್ಜಿ?" ಎಂದು ನಾನು ಕೇಳುತ್ತಿದ್ದೆ. "ಯಾವ ಮುಖ ಇಟ್ಕೊಂಡು ಕರೀತಾರೆ?" ಎನ್ನುತ್ತಿದ್ದಳು ಅಜ್ಜಿ.

ಈ ಕಥೆ ಹೇಳಿ ನಾನು ಹಿಂದಿನವರನ್ನು ದೂರುವಂತಿಲ್ಲ. ನಾನೂ ಒಬ್ಬ ಹುಡುಗಿಗೆ ಅಕ್ಕಿ ಅಗಿಸಿದವಳೇ.

ಅದು 2001. ಆ ವರ್ಷ ಫೆಬ್ರವರಿ ಕೊನೆಗೆ ನಮ್ಮ ಚಿನ್ನದ ಗಣಿಗಳು ಮುಚ್ಚಿದವು. 1880ರಿಂದ ಜಾನ್ ಟೇಲರ್ ಕಂಪನಿಯವರ ಕೈಯಲ್ಲಿ, ಆಮೇಲೆ ಸರ್ಕಾರದ ಕೈಯಲ್ಲಿ, ನೂರಿಪ್ಪತ್ತು ವರ್ಷ ನಡೆದ ಗಣಿ. ಚಾಂಪಿಯನ್ ರೀಫ್ಸ್ ಗಣಿಯ ಆಳವೇ ಮೂರು ಕಿಲೋಮೀಟರಿಗಿಂತ ಹೆಚ್ಚು. ಕೆಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಗೂಡಿನಲ್ಲಿದ್ದ ಲೋಟಗಳು ಅಲುಗುತ್ತಿದ್ದವು. ಅಂಥ ಹೊತ್ತಿನಲ್ಲಿ ಅಪ್ಪ ಪಾಳಿಯಲ್ಲಿದ್ದರೆ ಅಮ್ಮನ ಬಾಯಿಯ ಪಸೆ ಆರಿಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಗಣಿ ಮುಚ್ಚಿ ಕೆಲವೇ ವಾರಗಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಬಂತು. ಸಾವಿರಾರು ಮನೆಗಳಲ್ಲಿ ಅಪ್ಪಂದಿರು ಕೆಲಸ ಕಳೆದುಕೊಂಡು ಜಗಲಿಯ ಮೇಲೆ ಕುಳಿತಿದ್ದರು. ಮನೆಯ ಕಣ್ಣೆಲ್ಲ ಪರೀಕ್ಷೆ ಬರೆಯುವ ಮಗುವಿನ ಮೇಲೆ.

ಗಣಿತದ ದಿನ ನಾನು ಒಂದು ಕೇಂದ್ರದಲ್ಲಿ ಕೊಠಡಿ ಮೇಲ್ವಿಚಾರಕಿ. ಹಿಂದಿನ ದಿನವಷ್ಟೇ ಬೇರೆ ಕೊಠಡಿಯಲ್ಲಿ ಒಬ್ಬ ಹುಡುಗ ಚೀಟಿಯನ್ನು ಬಾಯಿಗೆ ಹಾಕಿಕೊಂಡು ನುಂಗಿದ್ದ. ಕಣ್ಣಿನಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕೆಂದು ನಮಗೆಲ್ಲ ಹೇಳಿದ್ದರು. ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ. ಪೆನ್ನು ಹಿಡಿದ ಕೈ ನಡುಗುತ್ತಿತ್ತು. ಹಣೆಯಲ್ಲಿ ಬೆವರು. ನಾನು ನೋಡಿದಾಗಲೆಲ್ಲ ತಲೆ ಬಗ್ಗಿಸುತ್ತಿದ್ದಳು. ಒಂದು ಕೆನ್ನೆ ಸ್ವಲ್ಪ ಉಬ್ಬಿ, ಒಳಗೆ ಏನೋ ಅತ್ತಿತ್ತ ಸರಿದಂತಾಯಿತು. ಇನ್ನೇನು ಬೇಕು? ನನಗೆ ಗ್ಯಾರಂಟಿಯಾಯಿತು. ಮುಖ್ಯ ಅಧೀಕ್ಷಕರಿಗೆ ಹೇಳಿ ಕಳಿಸಿದೆ. ಅವರು ಬರುವಷ್ಟರಲ್ಲಿ ಎಲ್ಲರ ಮುಂದೆ ಅವಳನ್ನು ಎಬ್ಬಿಸಿ ನಿಲ್ಲಿಸಿ, "ಬಾಯಿ ತೆಗಿ" ಎಂದೆ.

ಅವಳು ತೆಗೆದಳು. ನಾಲಿಗೆಯ ಮೇಲೆ ಒಂದು ಹುಣಸೆ ಬೀಜವಿತ್ತು. ಚೀಪಿ ಚೀಪಿ ಹೊಳೆಯುತ್ತಿತ್ತು.

"ಅಪ್ಪ ಕೊಟ್ಟಿದ್ದು ಮಿಸ್" ಎಂದಳು. "ಗಣಿಯೊಳಗೆ ಬಾಯಿ ಒಣಗಿದ್ರೆ ಅವರು ಇದನ್ನೇ ಇಟ್ಕೊಳ್ತಿದ್ರಂತೆ. ಹುಳಿ ಇದ್ರೆ ನೀರೂರುತ್ತೆ ಅಂದ್ರು."

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಅಧೀಕ್ಷಕರು ಬಂದ ಮೇಲೆ ಜಾಮಿಟ್ರಿ ಬಾಕ್ಸ್, ಲಂಗದ ಅಂಚು, ಜಡೆಯ ರಿಬ್ಬನ್ ಎಲ್ಲ ನೋಡಿದೆವು. ಏನೂ ಸಿಗಲಿಲ್ಲ. ಹೀಗೆ ಕಾಲು ಗಂಟೆ ಕಳೆಯಿತು. ಅವಳು ಕುಳಿತು ಮತ್ತೆ ಬರೆಯಲು ಶುರು ಮಾಡಿದಳು. ಬೀಜ ಕಸದ ಬುಟ್ಟಿಗೆ ಹೋಗಿತ್ತು. ಉಳಿದ ಎರಡು ಗಂಟೆ ಅವಳು ಪದೇ ಪದೇ ನಾಲಿಗೆಯಿಂದ ತುಟಿ ಸವರಿಕೊಳ್ಳುವುದನ್ನು ನೋಡುತ್ತ ನಾನು ಕೊಠಡಿಯಲ್ಲಿ ಓಡಾಡಿದೆ.

ಕ್ಷಮೆ ಕೇಳುವ ಅವಕಾಶ ನನಗೆ ಸಿಗಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಫಲಿತಾಂಶ ಬಂದ ವಾರ ಬಜಾರಿನಲ್ಲಿ ಎದುರಿಗೇ ಸಿಕ್ಕಳು. ನಿಂತು ನಮಸ್ಕಾರ ಮಾಡಿದಳು. ಪಾಸಾಗಿದ್ದಳು, ಗಣಿತದಲ್ಲಿ ಅಂಚಿನ ಮೇಲೆ. "ಪಾಸಾದೆಯಲ್ಲ, ಬಿಡು" ಎಂದೆ ನಾನು. ಅಷ್ಟೇ. ಮಗುವಿನ ಹತ್ತಿರ ಟೀಚರು ಕ್ಷಮೆ ಕೇಳುವುದೆ ಎಂಬ ಹಮ್ಮು ನನ್ನ ಬಾಯಿ ಕಟ್ಟಿತು. ಆಮೇಲೆ ಆ ಮನೆಯವರು ಊರು ಬಿಟ್ಟರು. ಆ ವರ್ಷಗಳಲ್ಲಿ ಎಷ್ಟೋ ಮನೆಗಳು ಹಾಗೇ ಖಾಲಿಯಾದವು.

ಈ ವಿಷಯವನ್ನು ನಾನು ಅಪ್ಪನ ಹತ್ತಿರ ಮಾತ್ರ ಹೇಳಿದ್ದೆ. ಅಪ್ಪ ಗಣಿಯಲ್ಲೇ ದುಡಿದವರು. ಕೆಳಗಿನಿಂದ ಮೇಲೆ ಬಂದವರನ್ನು, ಚಿನ್ನದ ಅದಿರೇನಾದರೂ ತಂದಿದ್ದಾರೋ ಎಂದು ತಪಾಸಣೆ ಮಾಡುವ ಕ್ರಮವಿತ್ತು. ಅದರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. "ಚಿನ್ನ ಇರೋ ಕಡೆ ಕಾವಲು ಇರಲೇಬೇಕಮ್ಮ" ಎನ್ನುತ್ತಿದ್ದರು. ಅಂದು ನನ್ನ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಏನೂ ತರದೆ ಬಂದ ದಿನವೂ ಗೇಟ್ ಹತ್ತಿರ ಬಂದಾಗ ನನ್ನ ಕೈ ನಡುಗ್ತಿತ್ತು. ಇಪ್ಪತ್ತೆಂಟು ವರ್ಷ ನಡುಗಿದೆ. ಜೇಬು ನೋಡಲಿ, ಬೂಟು ನೋಡಲಿ, ಅದು ಅವರ ಕೆಲಸ. ಮುಖ ನೋಡಿ ಕಳ್ಳ ಅನ್ನಬಾರದು ಅಷ್ಟೇ."

ಓದುಗರಲ್ಲಿ ಕೆಲವರಿಗೆ ಅನಿಸಬಹುದು, ಈ ಟೀಚರಮ್ಮ ಪರೀಕ್ಷೆಯೇ ಬೇಡ, ಕಾವಲೇ ಬೇಡ ಎನ್ನುತ್ತಿದ್ದಾರೆ ಎಂದು. ಹಾಗಲ್ಲ. ಪರೀಕ್ಷೆಯ ಬಗ್ಗೆ ನನಗೆ ಗೌರವವಿದೆ. ನಮ್ಮ ಊರಿನ ಕಾರ್ಮಿಕರ ಮಕ್ಕಳಿಗೆ, ಅಪ್ಪ ಯಾರು, ಯಾವ ಲೈನಿನಲ್ಲಿ ಮನೆ, ಯಾವ ಜಾತಿ ಎಂದು ಕೇಳದೆ ಅಂಕ ಕೊಟ್ಟದ್ದು ಉತ್ತರಪತ್ರಿಕೆಯೊಂದೇ. ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ನೋಡಿ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಕೆಲಸಕ್ಕೆ ಹೋಗುವ ಎಷ್ಟೋ ಹೆಣ್ಣುಮಕ್ಕಳು ಆ ಏಣಿ ಹತ್ತಿದವರೇ. ಆ ಏಣಿಯ ಮೆಟ್ಟಿಲು ಗಟ್ಟಿಯಿರಬೇಕಾದರೆ ನಕಲು ನಿಲ್ಲಲೇಬೇಕು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ಎಸ್.ಎಸ್.ಎಲ್.ಸಿ. ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇಕಡಾ 73.40ಕ್ಕೆ ಇಳಿಯಿತು. ಕಾವಲು ಬೇಕಿತ್ತು ಎನ್ನುವುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಆದರೆ ಕಾಯುವುದು ಬೇರೆ, ತೀರ್ಪು ಕೊಡುವುದು ಬೇರೆ. ಕ್ಯಾಮೆರಾ ಕೈಯನ್ನು ನೋಡಲಿ, ಕಾಗದವನ್ನು ನೋಡಲಿ. ಪಕ್ಕಕ್ಕೆ ಹೊರಳಿದ ಚೀಟಿಗೆ ಸಾಕ್ಷಿಯಿದೆ. ಬೆವರಿಗೆ, ನಡುಕಕ್ಕೆ, ಒಣಗಿದ ತುಟಿಗೆ ಯಾವ ಅಪರಾಧವೂ ಅಂಟಿಕೊಂಡಿಲ್ಲ.

ನಮ್ಮ ಊರಿನ ಬಗ್ಗೆ ಒಂದು ಸಂಗತಿ ಮಕ್ಕಳಿಗೆ ಹೇಳಲು ನನಗೆ ಬಹಳ ಇಷ್ಟ. 1965ರಲ್ಲಿ ಇದೇ ಚಾಂಪಿಯನ್ ರೀಫ್ಸ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯವರೂ ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳೂ ಸೇರಿ ನ್ಯೂಟ್ರಿನೊ ಎಂಬ ಕಣದ ಗುರುತು ಹಿಡಿದರು. ಅಷ್ಟು ಆಳಕ್ಕೆ ಏಕೆ ಇಳಿದರು ಗೊತ್ತೆ? ಮೇಲೆ ಆಕಾಶದಿಂದ ಬೇರೆ ಬೇರೆ ಕಣಗಳು ಸುರಿಯುತ್ತಲೇ ಇರುತ್ತವೆ. ಯಾವುದು ಯಾವುದರ ಗುರುತೆಂದು ಹೇಳಲಾಗುವುದಿಲ್ಲ. ಒಂದು ಕಣದ ಬಗ್ಗೆ ತಪ್ಪು ಹೇಳಬಾರದೆಂದು ಅವರು ಎರಡು ಕಿಲೋಮೀಟರ್ ಬಂಡೆಯನ್ನು ತಲೆಯ ಮೇಲೆ ಹೊತ್ತು ಕುಳಿತರು. ಅದೇ ಊರಿನಲ್ಲಿ ನಾನು, ಒಂದು ಮಗುವಿನ ಕೆನ್ನೆ ನೋಡಿ, ಒಂದು ನಿಮಿಷದಲ್ಲಿ, ಕಳ್ಳಿ ಎಂದುಬಿಟ್ಟೆ.

ಈ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ, ಅಮ್ಮಂದಿರೇ. ಪರೀಕ್ಷಾ ಕೊಠಡಿಗೆ ಮುಂಚೆ ಅಕ್ಕಿ ಅಗಿಸುವುದು ಅಡುಗೆಮನೆಯಲ್ಲೇ. 'ಯಾಕೆ ಮುಖ ಹೀಗಿದೆ, ಏನು ಮುಚ್ಚಿಡ್ತಿದೀಯ?' 'ನಿಮ್ಮ ಅಕ್ಕ ಹೆದರಿದ್ದು ನೋಡಿದ್ಯಾ?' ಎಂದು ಕೇಳುವವರು ನಾವೇ. ಮಗು ಏನು ಉತ್ತರ ಹೇಳೀತು? ಅದರ ಭಯದ ಮೇಲೆ ಇನ್ನೊಂದು ಭಯ ಹೇರಿರುತ್ತೇವೆ: ತಾನು ಹೆದರಿದ್ದು ಅಮ್ಮನಿಗೆ ಗೊತ್ತಾಗಬಾರದು ಎಂಬ ಭಯ. ಮೊದಲನೆಯದು ಪ್ರಶ್ನೆಪತ್ರಿಕೆ ಕೈಗೆ ಬಂದು ಹತ್ತು ನಿಮಿಷಕ್ಕೆ ಇಳಿಯಬಹುದು. ಎರಡನೆಯದು ಫಲಿತಾಂಶ ಬರುವವರೆಗೂ ಇಳಿಯುವುದಿಲ್ಲ. ಫಲಿತಾಂಶದ ದಿನ ಮನೆಗೆ ಬರಲೂ ಅಂಜುವ ಮಕ್ಕಳನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಅವರು ಅಂಜುವುದು ಅಂಕಕ್ಕಲ್ಲ, ಬಾಗಿಲು ತೆಗೆಯುವವರ ಮುಖಕ್ಕೆ.

ಹಾಗಾದರೆ ಭಯ ಯಾವುದಕ್ಕೆ ಸಾಕ್ಷಿ? ನನ್ನ ಮಟ್ಟಿಗೆ ಉತ್ತರ ಇಷ್ಟು. ಯಾವುದರ ಮೇಲೆ ಮನಸ್ಸಿಟ್ಟಿದ್ದೇವೋ ಅದರ ಮುಂದೆ ನಿಂತಾಗ ಬಾಯಿ ಒಣಗುತ್ತದೆ. ಅಪ್ಪನ ಪಾಳಿ ಮುಗಿಯುವವರೆಗೆ ಅಮ್ಮನ ಬಾಯಿ ಒಣಗುತ್ತಿದ್ದದ್ದು ಅವಳು ತಪ್ಪು ಮಾಡಿದ್ದಳೆಂದೆ? ಮನೆಯಲ್ಲಿ ಕೂಲಿ ನಿಂತಿದೆ, ತಾನು ಓದಿ ದಡ ಸೇರಿಸಬೇಕು ಎಂದುಕೊಂಡ ಹುಡುಗಿಯ ಬಾಯಿ ಒಣಗದೆ ಇನ್ನು ಯಾರ ಬಾಯಿ ಒಣಗಬೇಕು? ಭಯ ಪಡದ ಮಕ್ಕಳೂ ಇದ್ದಾರೆ, ಅವರೂ ಒಳ್ಳೆಯವರೇ. ಹೆದರುವವರಿಂದ ನಾವು ಲೆಕ್ಕ ಕೇಳಬಾರದು, ಅಷ್ಟೇ. ಓದನ್ನು ಅಳೆಯಲು ಉತ್ತರಪತ್ರಿಕೆಯಿದೆ. ಅದಕ್ಕೆ ಮುಂಚೆ ಮುಖವನ್ನು ತಿದ್ದಿ ಅಂಕ ಹಾಕುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ನನಗೀಗ ಐವತ್ತೇಳು. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಮೇಲ್ವಿಚಾರಣೆಗೆ ಹೋದಾಗ ಈಗಲೂ ಕಣ್ಣಿನಲ್ಲಿ ಎಣ್ಣೆ ಬಿಟ್ಟುಕೊಂಡೇ ಕಾಯುತ್ತೇನೆ. ಚೀಟಿ ಹಿಡಿದಿದ್ದೇನೆ ಕೂಡ. ಆದರೆ ನಡುಗುವ ಮಗು ಕಂಡರೆ ಹತ್ತಿರ ಹೋಗಿ, "ನೀರು ಕುಡಿಯಮ್ಮ, ಟೈಮಿದೆ" ಎಂದು ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇನೆ. 2001ರ ಆ ಮೂರನೆಯ ಸಾಲಿಗೆ ಇದು ತಲುಪುವುದಿಲ್ಲವೆಂದು ಗೊತ್ತು.

ಪಕ್ಕದ ಮನೆಯ ಹುಡುಗಿ ಅಂದು ನನ್ನ ಕಾಲಿಗೆ ನಮಸ್ಕರಿಸಿ ಎದ್ದಾಗ, ತಾಯಿಯ ಎದುರಿಗೇ ಹೇಳಿದೆ: "ಓದಿದ್ದಾಳೆ ಕಣಮ್ಮ, ಅದಕ್ಕೇ ಹೆದರಿದ್ದಾಳೆ. ಇಡ್ಲಿ ಬಿಡಲಿ ಬಿಡು." ಒಳಗೆ ಹೋಗಿ ಡಬ್ಬಿಯಿಂದ ಚೂರು ಹುಣಸೆಹಣ್ಣು ತಂದು, ದಾರಿಯಲ್ಲಿ ಚೀಪು ಎಂದು ಕೊಟ್ಟೆ. ಅವಳು ಅನುಮಾನದಿಂದ ನನ್ನನ್ನು ನೋಡಿ ಬಾಯಿಗೆ ಹಾಕಿಕೊಂಡಳು. ಹುಳಿಗೆ ಮುಖ ಕಿವುಚಿ ಆ ಬೆಳಿಗ್ಗೆ ಮೊದಲ ಸಲ ನಕ್ಕಳು.

ಮಧ್ಯಾಹ್ನ ವಾಪಸ್ ಬಂದವಳು ಬೆಳಗಿನ ತಣ್ಣಗಿನ ಇಡ್ಲಿಯನ್ನೇ ನಾಲ್ಕು ತಿಂದಳಂತೆ. ಪೇಪರ್ ಹೇಗಿತ್ತು ಎಂದು ನಾನು ಕೇಳಲಿಲ್ಲ.